ಬೆಂದ ಗೂಡಿನ ವಾಸನೆಯ ರೇಡಿಯೇಟರ್

ಈ ಸಂಗತಿಯನ್ನು ನಾನು ಹಲವು ವರ್ಷ ತಮಾಷೆಯಾಗಿ ಹೇಳುತ್ತಿದ್ದೆ. ಹಾಗೆ ಹೇಳುವಾಗ ನೀರು ಸುರಿದವನು ನನ್ನ ಭಾವಮೈದ ಆಗಿರುತ್ತಿದ್ದ. ಹೇಳಿ ಹೇಳಿ ಅವನ ಕೈಯಲ್ಲಿನ ತಂಬಿಗೆ ನನ್ನ ಕಣ್ಣಿಗೇ ಕಾಣತೊಡಗಿತು, ಅದರ ಹೊಟ್ಟೆಯ ಮೇಲಿನ ನೆಗ್ಗು ಸಮೇತ. ಅಂಥ ತಂಬಿಗೆ ಇರಲೇ ಇಲ್ಲ. ಇದ್ದದ್ದು ಒಂದು ನೀಲಿ ಪ್ಲಾಸ್ಟಿಕ್ ಮಗ್ಗು. ಅದು ಇದ್ದದ್ದು ನನ್ನ ಕೈಯಲ್ಲಿ.

ನೀಲಿಯೇ? ಇರಬೇಕು. ಬಣ್ಣದ ಬಗ್ಗೆ ಆಣೆ ಮಾಡಲಾರೆ, ಕೈಯ ಬಗ್ಗೆ ಮಾಡಬಲ್ಲೆ.

ಕಾರು ನನ್ನ ತಂದೆಯದು. ಅರವತ್ತರ ದಶಕದ್ದು, ಗುಂಡು ಬೆನ್ನಿನದು. ಎಂಬತ್ತರ ದಶಕದ ಕೊನೆಗೆ ಅದರ ರೇಡಿಯೇಟರಿಗೆ ಎಷ್ಟು ಸಲ ಬೆಸುಗೆ ಬಿದ್ದಿತ್ತೆಂದರೆ ತಾಮ್ರ ಎಲ್ಲಿದೆಯೆಂದು ಹುಡುಕಬೇಕಿತ್ತು. ಆಗ ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಹೆಂಡತಿಯ ತವರು ಶಿಡ್ಲಘಟ್ಟ. ಅಷ್ಟು ಹತ್ತಿರದ ಊರಿಗೆ ಹೋಗುವುದರೊಳಗೆ ಎರಡು ಕಡೆ ನಿಲ್ಲಿಸಿ ಕಾರಿಗೆ ನೀರು ಕುಡಿಸಬೇಕಿತ್ತು. ಆ ಕಾರಿನದೇ ರೇಡಿಯೇಟರ್ ಎಲ್ಲೂ ಸಿಗುತ್ತಿರಲಿಲ್ಲ. ಚಿಂತಾಮಣಿಯಲ್ಲಿ ರಸ್ತೆ ಬದಿಯ ಹುಣಸೆಮರದ ಕೆಳಗೆ ಲಾರಿ ರೇಡಿಯೇಟರ್ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರಿದ್ದರು. ಅವರು ಬೆಂಗಳೂರಿನಿಂದ ಬೇರೆ ಯಾರೋ ತಯಾರಿಸಿದ ಹೊಸ ರೇಡಿಯೇಟರ್ ಒಂದನ್ನು ತಂದರು.

ಅದು ಕೂರಲಿಲ್ಲ. ಎರಡು ಬೆರಳು ಎತ್ತರ ಹೆಚ್ಚು, ಕೆಳಗಿನ ಹೋಸ್ ಪೈಪಿನ ಬಾಯಿ ಎಡಕ್ಕಿರುವ ಬದಲು ಬಲಕ್ಕೆ. ಮೇಸ್ತ್ರಿ ಎರಡು ದಿನ ಬಾನೆಟ್ಟಿನೊಳಗೆ ತಲೆಯಿಟ್ಟು ಕೆಲಸ ಮಾಡಿದರು. ಹಳೆಯ ತೂತುಗಳನ್ನು ಬಿಟ್ಟು ಹೊಸ ತೂತು ಕೊರೆದರು. ಕಬ್ಬಿಣದ ಪೈಪೊಂದನ್ನು ಬಗ್ಗಿಸಿ ಎಡ ಬಲಗಳನ್ನು ಸೇರಿಸಿದರು. ಫ್ಯಾನಿನ ರೆಕ್ಕೆ ತಾಗುತ್ತದೆಂದು ನಾಲ್ಕು ತುದಿಗಳನ್ನೂ ಒಂದೇ ಅಳತೆಗೆ ಅರದಿಂದ ಉಜ್ಜಿದರು. ಅಡಿಯಲ್ಲಿ ಲಾರಿ ಟೈರಿನ ರಬ್ಬರ್ ಕತ್ತರಿಸಿ ಮೆತ್ತೆ ಹಾಕಿದರು.

"ಇದು ನಿಮ್ಮ ಗಾಡಿ ಹೆತ್ತಿದ್ದಲ್ಲ ಸಾರ್, ದತ್ತು ತಗೊಂಡಿರೋದು. ಹೊಂದ್ಕೊಳ್ಳೋ ತನಕ ಸ್ವಲ್ಪ ನೋಡ್ಕೋಬೇಕು," ಎಂದರು. "ಬೋರ್ ನೀರು ಮಾತ್ರ ಹಾಕ್ಬೇಡಿ. ನಮ್ಮ ಕಡೆ ಬೋರ್ ನೀರಿಗೆ ಪಾತ್ರೆನೇ ಬೆಳ್ಳಗಾಗ್ತದೆ. ಇದರ ನರ ಬಲೇ ಸಣ್ಣ, ಕಟ್ಕೊಂಡ್ಬಿಡ್ತವೆ. ಮೆದು ನೀರು ಹಾಕಿ. ಆಮೇಲೆ, ಇಂಜಿನ್ ಕಾದಿರುವಾಗ ತಣ್ಣೀರು ಬೇಡ."

ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತನ್ನೂ ಆಡಿದರು. ಗೌರಿಬಿದನೂರಿನಲ್ಲಿ ಬಸ್ಸುಗಳನ್ನಿಟ್ಟಿದ್ದ ಸಾಹುಕಾರರೊಬ್ಬರು ನನಗೆ ಪರಿಚಯವೆಂಬುದು ಅವರಿಗೆ ಗೊತ್ತಿತ್ತು. "ಅವರಿಗೊಂದು ಮಾತು ಹೇಳಿ ಸಾರ್. ಅವರ ಗಾಡಿಗಳ ಕೆಲಸ ಸಿಕ್ಕಿದ್ರೆ ನಾನೂ ಒಂದು ಶೆಡ್ ಹಾಕ್ಕೋತೀನಿ. ಮರದ ಕೆಳಗೆ ಮಳೆ ಬಂದ್ರೆ ಬೆಸುಗೆ ನಿಲ್ಲಲ್ಲ."

"ಮಾತೇನು, ಕಾರನ್ನೇ ತಗೊಂಡ್ಹೋಗಿ ತೋರಿಸ್ತೀನಿ," ಎಂದೆ. ಈ ವಾಕ್ಯವನ್ನು ನಾನು ಮರೆತ ಕಾಲ ಇಲ್ಲ.

ಹೊಸ ಪೈಪಿನ ಜೋಡಣೆಯಲ್ಲಿ ನೀರು ಸ್ವಲ್ಪ ಜಿನುಗುತ್ತಿತ್ತು. ಭಾನುವಾರ ಶಿಡ್ಲಘಟ್ಟ ತಲುಪಿದಾಗ ಮಟ್ಟ ಇಳಿದಿರುತ್ತಿತ್ತು. ಭಾವಮೈದನದು ರೇಷ್ಮೆ ನೂಲು ತೆಗೆಯುವ ಘಟಕ, ಮನೆಗೆ ಅಂಟಿಕೊಂಡೇ ಇತ್ತು. ನಲ್ಲಿಯಲ್ಲಿ ಬರುತ್ತಿದ್ದುದು ಬೋರ್ ನೀರು, ತಣ್ಣಗಿನದು, ಎರಡೂ ನಿಷಿದ್ಧ. ಗೂಡು ಬೇಯಿಸುವ ತೊಟ್ಟಿಯಲ್ಲಿ ಬಿಸಿನೀರಿತ್ತು. ಬೆರಳದ್ದಿದೆ. ಸೋಪು ಸವರಿದಂತೆ ನುಣುಪು. ಇದಕ್ಕಿಂತ ಮೆದು ನೀರು ಎಲ್ಲಿ ಸಿಕ್ಕೀತು ಎಂದುಕೊಂಡೆ. ಆ ನುಣುಪು ಗೂಡಿನಿಂದ ಕರಗಿದ ಅಂಟು ಎಂಬುದು ಶಿಡ್ಲಘಟ್ಟದ ಮಕ್ಕಳಿಗೂ ಗೊತ್ತು. ನಾನು ಆ ಊರಿನ ಅಳಿಯ, ಪಾಠ ಹೇಳುವವನು.

"ಏನ್ ಭಾವ, ಕಾರಿಗೂ ರೇಷ್ಮೆ ಸೀರೆ ಉಡಿಸ್ತೀರಾ?" ಎಂದು ಭಾವಮೈದ ನಕ್ಕ.

"ನಿಮ್ಮಕ್ಕನಿಗೇ ಉಡಿಸಿಲ್ಲ, ಸುಮ್ನಿರಯ್ಯ," ಎಂದೆ.

ತೊಟ್ಟಿಯ ಬಳಿ ಎಳೆ ಹಿಡಿಯುತ್ತಿದ್ದ ಹೆಂಗಸು ತೆಲುಗಿನಲ್ಲಿ "ವದ್ದು ಸಾಮೀ" ಎಂದಳು, ಬೇಡ ಅಂತ. ಅಥವಾ ಅವಳು ಏನೂ ಅನ್ನಲಿಲ್ಲ, ತಲೆಯೆತ್ತಿ ನೋಡಿದಳಷ್ಟೆ. ಎಚ್ಚರಿಸಿದಳೆಂದರೆ ನನ್ನ ತಪ್ಪು ದೊಡ್ಡದಾಗುತ್ತದೆ, ಸುಮ್ಮನಿದ್ದಳೆಂದರೆ ಸಣ್ಣದು. ಮನಸ್ಸು ಸಣ್ಣದರ ಕಡೆಗೇ ವಾಲುತ್ತದೆ, ಅದನ್ನು ನಂಬಲಾರೆ, ಆದ್ದರಿಂದ ಅವಳು ಹೇಳಿದಳೆಂದೇ ಇಟ್ಟುಕೊಂಡಿದ್ದೇನೆ. ಮೂರು ಭಾನುವಾರ ಸುರಿದೆ. ಮೂರು ಎಂಬುದು ಖಚಿತ.

ನಾಲ್ಕನೆಯ ವಾರ ಕಾರು ತೋರಿಸಲು ಗೌರಿಬಿದನೂರಿಗೆ ಹೋದೆ. ಬಸ್ಸಿನ ಸಾಹುಕಾರರು ಬಾನೆಟ್ ಎತ್ತಿ, ಉಜ್ಜಿದ ರೆಕ್ಕೆಗಳ ಮೇಲೆ ಬೆರಳಾಡಿಸಿ, "ಕೈ ಚೆನ್ನಾಗಿದೆ ಕಣಪ್ಪ. ತೊಂಡೇಬಾವಿ ತನಕ ಹೋಗ್ಬರೋಣ, ಕಾಯುತ್ತೋ ಇಲ್ಲವೋ ನೋಡೋಣ," ಎಂದರು. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ತೊಂಡೇಬಾವಿಯ ರೈಲ್ವೆ ಗೇಟು ಹಾಕಿತ್ತು. ಇಂಜಿನ್ ಆರಿಸದೆ ನಿಂತೆವು. ಗೂಡ್ಸ್ ಗಾಡಿ ಮುಗಿಯಲೊಲ್ಲದು. ಬಾನೆಟ್ಟಿನ ಸಂದಿನಿಂದ ಆವಿ ಎದ್ದಿತು.

ಒದ್ದೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದೆ. ಬಿಸಿ ನೊರೆ ಉಕ್ಕಿತು, ಅದರೊಂದಿಗೆ ಬೆಂದ ಹುಳುವಿನ ವಾಸನೆ, ಇಡೀ ಶಿಡ್ಲಘಟ್ಟದ ವಾಸನೆ. ಆ ಕ್ಷಣದಲ್ಲೇ ಗೊತ್ತಾಯಿತೇ? ಇಲ್ಲ ಎಂದು ಬರೆಯುವುದು ಸುಲಭ. ಆದರೆ ನನ್ನ ಮೂಗು ಆಗ ಚೆನ್ನಾಗಿತ್ತು.

"ಏನಪ್ಪ, ಇದೇನಾ ನಿಮ್ಮ ಮೇಸ್ತ್ರಿ ಕೆಲಸ?" ಎಂದರು ಸಾಹುಕಾರರು, ಮೂಗಿಗೆ ಪಂಚೆಯ ಅಂಚು ಹಿಡಿದು. "ಇವನ ಕೈಗೆ ಬಸ್ಸು ಕೊಟ್ರೆ ಪ್ಯಾಸೆಂಜರೆಲ್ಲ ನಡ್ಕೊಂಡು ಹೋಗ್ಬೇಕಾಗ್ತದೆ."

"ನಂಬಿ ಕೆಟ್ಟೆ," ಎಂದೆ. ಇಷ್ಟೇ ಎಂದದ್ದು.

ಎರಡು ದಿನ ಬಿಟ್ಟು ಚಿಂತಾಮಣಿಗೆ ಹೋದೆ. ಹುಣಸೆಮರದ ಕೆಳಗೆ ಲಾರಿಯವರಿಬ್ಬರು ಬೀಡಿ ಸೇದುತ್ತ ಕೂತಿದ್ದರು. ಅವರ ಮುಂದೆಯೇ ಮೇಸ್ತ್ರಿಯ ಮೇಲೆ ರೇಗಿದೆ. ಮೊದಲು ರೇಗಿಬಿಟ್ಟರೆ ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲವೆಂಬ ಲೆಕ್ಕ ಇತ್ತೇನೋ.

"ಏನ್ ಸಾಬ್ರೆ, ದತ್ತು ಮಗ ಕೈ ಕೊಟ್ನಾ?" ಎಂದ ಒಬ್ಬ ಲಾರಿಯವನು, ಮೇಸ್ತ್ರಿಗೆ.

ಮೇಸ್ತ್ರಿ ಮುಚ್ಚಳ ತೆಗೆದರು. ಒಳಗೆ ಬೆರಳಾಡಿಸಿ ಹೊರತೆಗೆದು ಹೆಬ್ಬೆರಳಿಗೆ ಒತ್ತಿ ಬಿಡಿಸಿದರು. ನಡುವೆ ಬೂದು ಬಣ್ಣದ ಅಂಟು ಎಳೆಯಾಗಿ ಜಗ್ಗಿತು. ಮೂಸಿ ನೋಡಿದರು. ನನ್ನನ್ನು ನೋಡಿದರು.

"ಮಕ್ಕಳು ಏನು ತಿಂದವೆ ಅನ್ನೋದು ಮನೆಯವರಿಗೆ ಗೊತ್ತಿರ್ತದೆ," ಎಂದರು ಲಾರಿಯವನಿಗೆ. ಆಮೇಲೆ ನನಗೆ, "ಬಿಡಿ ಸಾರ್. ಸೋಡಾ ಹಾಕಿ ತೊಳೆದು ಕೊಡ್ತೀನಿ."

ತೊಳೆಯುತ್ತ ಕೇಳಿದರು, "ಗೌರಿಬಿದನೂರಿನವರಿಗೆ ತೋರಿಸಿದ್ರಾ?"

"ನೋಡಿದ್ರು."

"ಹಿಂಗಾದಾಗಲೇ ನೋಡಿದ್ರಾ?"

ನಾನು ಹೂಂಗುಟ್ಟಿದೆ. ಅವರು ಇನ್ನೊಂದು ಹಿಡಿ ಸೋಡಾ ಹಾಕಿದರು.

ಸುಮ್ಮನಿರಲಾಗದೆ ಒಂದು ತಿಂಗಳ ಮೇಲೆ ಗೌರಿಬಿದನೂರಿಗೆ ಹೋಗಿ, ತಪ್ಪು ಮೇಸ್ತ್ರಿಯದಲ್ಲವೆಂದು ಸಾಹುಕಾರರಿಗೆ ಹೇಳಿದೆ. ಹೇಳಿದ್ದು ಹೀಗೆ: "ನಮ್ಮ ಭಾವಮೈದ ಗೂಡು ಬೇಯಿಸಿದ ನೀರು ಹಾಕ್ಬಿಟ್ಟಿದ್ದ." ತಂಬಿಗೆ ಹುಟ್ಟಿದ್ದು ಅಲ್ಲಿ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಒಳ್ಳೆ ಕಥೆ ಕಟ್ತೀಯಪ್ಪ, ನಿನ್ನ ಮೇಸ್ತ್ರಿನ ಉಳಿಸೋಕೆ. ಕೆಲಸ ಆಗಲೇ ಇಲ್ಲಿಯವರಿಗೆ ಕೊಟ್ಟಾಯ್ತು," ಎಂದರು. ನಾನೇ ಸುರಿದೆ ಎಂದಿದ್ದರೆ ನಂಬುತ್ತಿದ್ದರೇನೋ. ತನ್ನ ಮೇಲೆ ತಾನೇ ಅಂಥ ಪೆದ್ದುತನ ಹೊರಿಸಿಕೊಂಡು ಕಥೆ ಕಟ್ಟುವವರು ಕಡಿಮೆ.

ಆ ರೇಡಿಯೇಟರ್ ಆಮೇಲೆ ಒಂದು ದಿನವೂ ತೊಂದರೆ ಕೊಡಲಿಲ್ಲ. ಪ್ರತಿ ಸಲ ಚಿಂತಾಮಣಿಗೆ ಹೋದಾಗಲೂ ಮೇಸ್ತ್ರಿ ಮುಚ್ಚಳ ತೆಗೆದು ಬಗ್ಗಿ ಒಮ್ಮೆ ಮೂಸುತ್ತಿದ್ದರು. ಬೇರೆ ಗಾಡಿಗಳಿಗೂ ಹಾಗೇ ಮಾಡುತ್ತಿದ್ದರೋ ಏನೋ, ನಿಂತು ನೋಡುವ ಧೈರ್ಯ ನನಗಿರಲಿಲ್ಲ.

ತೊಂಬತ್ತರ ದಶಕದ ನಡುವೆ ಕಾರು ಮಾರಲು ನಿರ್ಧರಿಸಿ ಕೊನೆಯ ಸಲ ಅವರ ಬಳಿ ಒಯ್ದೆ. ಶೆಡ್ ಇರಲಿಲ್ಲ, ಅದೇ ಮರ. ತುಂತುರು ಬೀಳುತ್ತಿತ್ತು, ಬೆಸುಗೆಯ ಕೆಲಸ ನಿಲ್ಲಿಸಿ ಗೋಣಿಚೀಲ ಹೊದ್ದು ಕೂತಿದ್ದರು. ಎದ್ದು ಬಂದು ಮುಚ್ಚಳ ತೆಗೆದು ಬಗ್ಗಿದರು.

"ಆ ನೀರು ಹಾಕಿದ್ದು ನಾನೇ ಮೇಸ್ತ್ರಿ," ಎಂದೆ.

"ಗೊತ್ತು ಸಾರ್," ಎಂದರು, ತಲೆಯೆತ್ತದೆ. "ಗೌರಿಬಿದನೂರಿನವರಿಗೆ ಗೊತ್ತಾ?"

"ಹೇಳಿದ್ದೀನಿ," ಎಂದೆ.

ಅವರು ತಲೆಯಾಡಿಸಿ ಮುಚ್ಚಳ ತಿರುಗಿಸಿದರು. ಬಿಗಿಯಾಗಿದೆಯೇ ಎಂದು ಇನ್ನೊಂದು ಸಲ ಒತ್ತಿ ನೋಡಿದರು.