ಎರಡನೇ ಸಹಿ

ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷ ನಾನು ಕೂತಿದ್ದ ಕುರ್ಚಿ ನನಗೆ ಬರಬೇಕಾದದ್ದಲ್ಲ, ನಿಧಾನಕ್ಕನಿಗೆ ಬರಬೇಕಾದದ್ದು. ಇದನ್ನು ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ಜಾರಿಕೊಂಡುಬಿಡುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನು ಪಳಗಿದವನು.

ನಿಧಾನಕ್ಕ ಎಂಬುದು ಅವರ ತಂದೆ ತಾಯಿ ಇಟ್ಟ ಹೆಸರಲ್ಲ, ನಾವು ಇಟ್ಟದ್ದು. ನಮ್ಮದು ದೊಡ್ಡ ಕಂಪ್ಯೂಟರುಗಳನ್ನು, ಅಂದರೆ ಸರ್ವರ್‌ಗಳನ್ನು ಇಡುವ ಕಟ್ಟಡ. ಫೋನಿನಲ್ಲಿ ಕಳಿಸುವ ಫೋಟೋ, ತೆಗೆಯುವ ಟಿಕೆಟ್ಟು, ಆಸ್ಪತ್ರೆಯಲ್ಲಿ ಬರೆಸುವ ಹೆಸರು, ಎಲ್ಲವೂ ಗಾಳಿಯಲ್ಲಿ ತೇಲುತ್ತಿರುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ತೇಲುವುದಿಲ್ಲ. ಅದೆಲ್ಲ ಇರುವುದು ಸರ್ವರ್‌ಗಳೊಳಗೆ, ಸರ್ವರ್‌ಗಳು ಇರುವುದು ಇಂಥ ಕಿಟಕಿಯಿಲ್ಲದ ಕಟ್ಟಡಗಳಲ್ಲಿ, ಆಳೆತ್ತರದ ಕಬ್ಬಿಣದ ರ‍್ಯಾಕುಗಳಲ್ಲಿ ಒಂದರ ಮೇಲೊಂದು. ರ‍್ಯಾಕಿನ ಮುಂದೆ ನಿಂತರೆ ಸ್ವೆಟರ್ ಬೇಕು, ಹಿಂದೆ ಹೋದರೆ ಅಂಗಿ ಬೆನ್ನಿಗೆ ಅಂಟುತ್ತದೆ. ಫ್ಯಾನುಗಳ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದ ಕಾರಣ ಇಲ್ಲಿ ಕೆಲಸ ಮಾಡುವವರೆಲ್ಲ ಮನೆಯಲ್ಲೂ ಕೂಗಿ ಮಾತಾಡಿ ಬೈಸಿಕೊಳ್ಳುತ್ತಾರೆ. ನಿಧಾನಕ್ಕ ಮಾತ್ರ ಎಲ್ಲೂ ಕೂಗುತ್ತಿರಲಿಲ್ಲ. ಹತ್ತಿರ ಬಂದು ನಿಂತು ಹೇಳುತ್ತಿದ್ದರು.

ಇಲ್ಲಿಗೆ ಬರುವ ಮೊದಲು ಅವರು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಅವರಿಗೆ ಮೂವತ್ತನಾಲ್ಕು. ಗಂಡ ಸಿಟಿ ಬಸ್ಸಿನ ಡ್ರೈವರ್, ಮಗಳು ಐದು ವರ್ಷದವಳು. ಆರು ತಿಂಗಳ ತರಬೇತಿಗೆ ಸೇರಿದರು, ತರಗತಿಗೆಲ್ಲ ಹಿರಿಯರು ಅವರೇ. ಮಗುವನ್ನು ಅತ್ತೆ ನೋಡಿಕೊಂಡರು. ಸೊಸೆಯ ಹೊಸ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಆ ಅತ್ತೆ, ಕಪಾಟಿನಲ್ಲಿ ಡಬ್ಬಿ ಜೋಡಿಸುವುದು, ಅದಕ್ಕೂ ಸಂಬಳ ಕೊಡುತ್ತಾರಂತೆ, ಎನ್ನುತ್ತಿದ್ದರಂತೆ. ಇದನ್ನು ನಿಧಾನಕ್ಕನೇ ನಮಗೆ ಹೇಳಿ ನಗುತ್ತಿದ್ದರು. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವ ಮಾತು ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಡಬ್ಬಿ ಜೋಡಿಸುವುದನ್ನು ನಾನು ಕಲಿತದ್ದು ಅವರಿಂದಲೇ. ಸರ್ವರ್ ಬಂತೆಂದರೆ ಮೊದಲು ಪೆಟ್ಟಿಗೆಯ ಮೇಲಿನ ತೂಕ ಓದಬೇಕು. ಭಾರವಿದ್ದರೆ ಒಬ್ಬರೇ ಎತ್ತಬಾರದು, ಇನ್ನೂ ಭಾರವಿದ್ದರೆ ಎತ್ತುವ ಗಾಡಿ ತರಬೇಕು. ರ‍್ಯಾಕಿನ ಕಾಲುಗಳನ್ನು ಹೊರಗೆಳೆದು ಊರಿಸದೆ ಒಳಗೆ ಏನನ್ನೂ ತಳ್ಳಬಾರದು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಇಲ್ಲದಿದ್ದರೆ ರ‍್ಯಾಕು ಮುಗ್ಗರಿಸಿ ಯಾರದ್ದಾದರೂ ಕಾಲಿನ ಮೇಲೆ ಬೀಳುತ್ತದೆ. ಮುಚ್ಚಳ ತೆರೆಯುವ ಮೊದಲು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಅದರ ತುದಿಯನ್ನು ರ‍್ಯಾಕಿನ ಕಬ್ಬಿಣಕ್ಕೆ ಸಿಕ್ಕಿಸಬೇಕು. ಮೈಯಲ್ಲಿ ಕಾಣದೆ ಕೂತಿರುವ ಕರೆಂಟು ಒಳಗಿನ ಚಿಪ್‌ಗಳಿಗೆ ತಾಗಿದರೆ ಅವು ಸದ್ದಿಲ್ಲದೆ ಸಾಯುತ್ತವೆ. ಇದೆಲ್ಲ ಪುಸ್ತಕದಲ್ಲೂ ಇದೆ. ಆದರೆ ಪ್ರತಿ ಸಲ, ಊಟದ ಹೊತ್ತು ಮೀರಿ ಹೊಟ್ಟೆ ತಾಳ ಹಾಕುತ್ತಿರುವಾಗಲೂ, ಅದನ್ನು ಪೂರ್ತಿ ಮಾಡುತ್ತಿದ್ದವರು ಅವರೊಬ್ಬರೇ. ನಾವು ಮೂರು ಸರ್ವರ್ ಕೂರಿಸುವಷ್ಟರಲ್ಲಿ ಅವರದು ಎರಡಾಗುತ್ತಿತ್ತು. ಹೆಸರು ಬಂದದ್ದು ಹಾಗೆ. ನಮ್ಮ ಮೂರರಲ್ಲಿ ಒಂದನ್ನು ಮರುದಿನ ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತಿತ್ತು ಎಂಬುದನ್ನು ಹೆಸರಿಡುವಾಗ ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿ ಸರ್ವರಿನ ಬೆನ್ನಿಗೂ ಎರಡು ಕರೆಂಟಿನ ಕೇಬಲ್ ಇರುತ್ತವೆ. ರ‍್ಯಾಕಿನ ಹಿಂಬದಿಯಲ್ಲಿ ಆ ಕಡೆಗೊಂದು ಈ ಕಡೆಗೊಂದು ಉದ್ದನೆಯ ಪ್ಲಗ್ ಪಟ್ಟಿ. ಒಂದು ಪಟ್ಟಿಗೆ ಒಂದನೇ ಲೈನಿನ ಕರೆಂಟು, ಇನ್ನೊಂದಕ್ಕೆ ಎರಡನೇ ಲೈನಿನದು. ಒಂದು ಕೇಬಲನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಹಾಕಬೇಕು. ಆಗ ಒಂದು ಲೈನು ಹೋದರೂ ಸರ್ವರ್ ನಿಲ್ಲುವುದಿಲ್ಲ. ಎರಡನ್ನೂ ತಪ್ಪಿ ಒಂದೇ ಪಟ್ಟಿಗೆ ಹಾಕಿದರೂ ಸರ್ವರ್ ಚೆನ್ನಾಗಿಯೇ ಓಡುತ್ತದೆ, ದೀಪಗಳೆಲ್ಲ ಹಸಿರಾಗಿಯೇ ಇರುತ್ತವೆ, ಆ ಲೈನು ಹೋಗುವ ದಿನದವರೆಗೆ. ಮುಂದಿನಿಂದ ಹಿಂದಕ್ಕೆ ಹೋದರೆ ಎಡ ಬಲ ಅದಲುಬದಲು. ಕೇಬಲ್ಲುಗಳು ಆಗ ಎಲ್ಲವೂ ಕಪ್ಪು. ಹಾಕಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಅದಕ್ಕೇ ಇನ್ನೊಬ್ಬರು ಬಂದು ಒಂದೊಂದು ಕೇಬಲನ್ನೂ ತುದಿಯಿಂದ ತುದಿಗೆ ಕೈಯಾಡಿಸಿ ನೋಡಿ ಹಾಳೆಯ ಮೇಲೆ ಎರಡನೇ ಸಹಿ ಹಾಕಬೇಕು. ಅವರ ಕೆಲಸಕ್ಕೆ ನನ್ನ ಸಹಿ, ನನ್ನ ಕೆಲಸಕ್ಕೆ ಅವರದು. ಅವರ ಕೆಲಸದಲ್ಲಿ ನನಗೆ ತಪ್ಪು ಸಿಗುತ್ತಿರಲಿಲ್ಲ. ಸಿಗದೆ ಸಿಗದೆ ನಾನು ನೋಡುವುದನ್ನೇ ಬಿಟ್ಟೆ.

ಆರು ವರ್ಷದ ಹಿಂದೆ ನಮ್ಮ ಮಹಡಿಯ ಮುಖ್ಯಸ್ಥರು ಬೇರೆ ಕಡೆ ಹೊರಟರು. ಆ ಜಾಗ ನಿಧಾನಕ್ಕನಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅವರಲ್ಲದಿದ್ದರೆ ನಾನು ಎಂಬುದೂ ಗೊತ್ತಿತ್ತು. ಅವರಿಗೆ ಅದು ಬೇಕಾಗಿತ್ತು. ಮುಖ್ಯಸ್ಥರಿಗೆ ಹಗಲು ಪಾಳಿ ಮಾತ್ರ, ಭಾರ ಎತ್ತುವ ಕೆಲಸವೂ ಇಲ್ಲ. ಅವರಿಗೆ ಐವತ್ತೆರಡಾಗಿತ್ತು, ಸೊಂಟ ಹಿಡಿಯುತ್ತಿತ್ತು. ಅತ್ತೆಗೆ ಎಂಬತ್ತು ದಾಟಿತ್ತು, ಮಗಳು ಬೇರೆ ಊರಿನಲ್ಲಿ ನರ್ಸು, ಗಂಡನಿಗೂ ತಮಗೂ ಒಟ್ಟಿಗೆ ರಾತ್ರಿ ಪಾಳಿ ಬಂದಾಗ ಮುದುಕಿಯನ್ನು ಒಬ್ಬರನ್ನೇ ಬಿಡಬೇಕಾಗುತ್ತಿತ್ತು. ಈ ಆಸೆಯನ್ನು ಅವರು ನನ್ನೆದುರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು.

ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ, ನಿಧಾನಕ್ಕ ಕೂರಿಸುತ್ತಿದ್ದ ಹನ್ನೆರಡು ಸರ್ವರ್‌ಗಳ ರ‍್ಯಾಕೊಂದು ಮುಗಿಯುವುದರಲ್ಲಿತ್ತು. ಕ್ಯಾಂಟೀನಿನ ಟೀವಿಯಲ್ಲಿ ಮ್ಯಾಚು, ಕೊನೆಯ ಹತ್ತು ಓವರು. ನನ್ನ ಜೀವವೆಲ್ಲ ಅಲ್ಲೇ ಇತ್ತು.

"ಅಕ್ಕ, ನನ್ನ ಸಹಿ ನೀವೇ ಹಾಕ್ಬಿಡಿ," ಎಂದೆ. "ನೀವು ಮಾಡಿದ್ದು ಯಾವತ್ತಾದ್ರೂ ತಪ್ಪಿದ್ಯಾ?"

ಬೇಡ, ಐದು ನಿಮಿಷ ನಿಲ್ಲು, ನೋಡಿಯೇ ಹೋಗು ಎಂದರು. ನಾನು ಆಗಲೇ ಬಾಗಿಲು ದಾಟಿದ್ದೆ. ಆಮೇಲೆ ನಡೆದದ್ದು ನನಗೆ ಮರುದಿನ ತಿಳಿಯಿತು. ಒಳಗೆ ಫೋನು ತರುವಂತಿಲ್ಲವಾದ್ದರಿಂದ ಕಾವಲಿನವರೇ ಓಡಿ ಬಂದು, ಅತ್ತೆ ಬಚ್ಚಲಲ್ಲಿ ಬಿದ್ದಿದ್ದಾರಂತೆ ಎಂದು ತಿಳಿಸಿದರು. ಗಂಡ ಬಸ್ಸಿನಲ್ಲಿ, ಊರಿನ ಆಚೆ ತುದಿಯಲ್ಲಿ. ನಿಧಾನಕ್ಕ ಉಳಿದ ಕೇಬಲ್ಲುಗಳನ್ನು ಸಿಕ್ಕಿಸಿ, ಎರಡೂ ಸಹಿ ತಾವೇ ಹಾಕಿ ಓಡಿದರು. ಅವರು ಓಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅತ್ತೆಯ ಮುಂಗೈ ಮುರಿದಿತ್ತು, ದೇವರು ದೊಡ್ಡವನು, ಅಷ್ಟರಲ್ಲೇ ಮುಗಿಯಿತು.

ಮೂರು ತಿಂಗಳ ಮೇಲೆ ಗೋಡೆಗೆ ಒಂದು ನೋಟಿಸು ಬಿತ್ತು. ಬ್ಯಾಟರಿ ಬದಲಿಸಬೇಕಾಗಿದೆ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದನೇ ಲೈನನ್ನು ಆರಿಸಲಾಗುವುದು. ಶನಿವಾರ ಬೆಳಿಗ್ಗೆ ನಿಧಾನಕ್ಕ ನನ್ನನ್ನು ಕರೆದುಕೊಂಡು ಆ ರ‍್ಯಾಕಿನ ಹಿಂದಕ್ಕೆ ಹೋದರು. ನೋಟಿಸು ಓದಿದಾಗಿನಿಂದ ಅನ್ನ ಸೇರುತ್ತಿಲ್ಲ ಎಂದರು. ಟಾರ್ಚು ಹಿಡಿದು ಒಂದೊಂದು ಕೇಬಲಿನ ಮೇಲೂ ಬೆರಳಾಡಿಸುತ್ತ ಬಂದರು. ಕೆಳಗಿನಿಂದ ಒಂಬತ್ತನೆಯ ಸರ್ವರಿನ ಎರಡು ಕೇಬಲ್ಲುಗಳೂ ಒಂದನೇ ಲೈನಿಗೇ ಹೋಗಿದ್ದವು.

ಸರಿಮಾಡುವುದು ಅರೆ ನಿಮಿಷದ ಕೆಲಸ. ಒಂದನ್ನು ಕಿತ್ತು ಆಚೆ ಕಡೆ ಹಾಕಿದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ ಎಂದು ಕೈ ಚಾಚಿದೆ. ಅವರು ನನ್ನ ಕೈ ಹಿಡಿದರು.

"ಓಡ್ತಿರೋ ಯಂತ್ರ. ಯಾರದ್ದು ಅಂತಾನೂ ನಮಗೆ ಗೊತ್ತಿಲ್ಲ. ಕೇಳದೆ ಮುಟ್ಟಬಾರ್ದು."

"ಕೇಳಿದ್ರೆ ಹಾಳೆ ತೆಗೀತಾರೆ ಅಕ್ಕ. ಸಹಿ ನೋಡ್ತಾರೆ. ಮುಂದಿನ ವಾರ ಆ ಜಾಗಕ್ಕೆ ನಿಮ್ಮ ಹೆಸರು ಹೇಳೋದಿದೆ."

"ಗೊತ್ತು."

ರ‍್ಯಾಕಿನ ಬಾಗಿಲು ಹಾಕಿ, ಬೀಗ ಎಳೆದು ನೋಡಿ, ಮೇಲಿನ ಮ್ಯಾನೇಜರ ಕೋಣೆಗೆ ಮೆಟ್ಟಿಲು ಹತ್ತಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ಎಂದುಕೊಂಡೆ. ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ.

ಕಾಲು ಗಂಟೆಯಲ್ಲಿ ಮ್ಯಾನೇಜರು ನನ್ನನ್ನೂ ಕರೆಸಿದರು. ಮೇಜಿನ ಮೇಲೆ ಆ ಹಾಳೆ ಇತ್ತು. ಕೇಬಲ್ ತಪ್ಪು ಹಾಕಿದ್ದು ತಾವು, ಎರಡನೇ ಸಹಿಯನ್ನು ನನ್ನ ಹೆಸರಿನಲ್ಲಿ ಹಾಕಿದ್ದೂ ತಾವೇ ಎಂದು ನಿಧಾನಕ್ಕ ಹೇಳಿ ಮುಗಿಸಿದ್ದರು. ಅತ್ತೆ ಬಿದ್ದದ್ದನ್ನು ಹೇಳಿರಲಿಲ್ಲ. ಹಾಕಿಬಿಡಿ ಎಂದು ನಾನು ಅಂದದ್ದನ್ನೂ ಹೇಳಿರಲಿಲ್ಲ. ಅದು ನನ್ನ ಮಾತು, ನಾನೇ ಹೇಳಲಿ ಎಂದು ಬಿಟ್ಟಿದ್ದರು.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಇದು ನಿಮಗೆ ಗೊತ್ತಿತ್ತಾ?"

"ಇಲ್ಲ ಸಾರ್."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ. ನಿಧಾನಕ್ಕ ನನ್ನತ್ತ ನೋಡಲಿಲ್ಲ.

ಸರ್ವರ್ ಯಾರದ್ದೋ ಅವರಿಗೆ ಫೋನು ಹೋಯಿತು, ಒಪ್ಪಿಗೆ ಬಂತು, ಮಧ್ಯಾಹ್ನ ಆ ಕೇಬಲನ್ನು ನಿಧಾನಕ್ಕನೇ ಬದಲಿಸಿದರು. ಭಾನುವಾರ ಹತ್ತಕ್ಕೆ ಒಂದನೇ ಲೈನು ಆರಿತು, ಒಂದು ಯಂತ್ರವೂ ನಿಲ್ಲಲಿಲ್ಲ. ಆ ಸರ್ವರ್ ಒಂದು ಆಂಬುಲೆನ್ಸ್ ಸೇವೆಯದು ಎಂದು ಆಮೇಲೆ ಗೊತ್ತಾಯಿತು. ಮುಂದಿನ ತಿಂಗಳಿಂದ ಒಂದನೇ ಲೈನಿಗೆ ಕೆಂಪು ಕೇಬಲ್, ಎರಡನೆಯದಕ್ಕೆ ನೀಲಿ ಬಂತು. ನಿಧಾನಕ್ಕನಿಗೆ ಎಚ್ಚರಿಕೆಯ ಪತ್ರ ಬಂತು. ನನಗೆ ಕುರ್ಚಿ ಬಂತು.

ಮೊದಲು ಬಂದು ಒಳ್ಳೆಯದಾಗಲಿ ಎಂದವರು ಅವರೇ. ಅತ್ತೆ ಬದುಕಿದ್ದ ಇನ್ನೆರಡು ವರ್ಷವೂ ರಾತ್ರಿ ಪಾಳಿ ಮಾಡಿದರು. ಗಂಡ ತಮ್ಮ ಬಸ್ಸಿನ ದಾರಿ ಬದಲಿಸಿಕೊಂಡು ಹೊಂದಿಸಿಕೊಂಡರು. ನನ್ನ ಜೊತೆ ಊಟಕ್ಕೆ ಕೂರುವುದನ್ನು ನಿಧಾನಕ್ಕ ಬಿಡಲಿಲ್ಲ. ನಮ್ಮ ಮನೆಯ ಮಿಕ್ಸಿ ಕೆಟ್ಟಾಗ ತಂದುಕೊಡು ಎಂದು ಕೇಳಿ ರಿಪೇರಿ ಮಾಡಿಕೊಟ್ಟರು. ಆ ದಿನದ ಬಗ್ಗೆ ಒಂದು ಸೊಲ್ಲೆತ್ತಲಿಲ್ಲ. ಮರೆತಿದ್ದಾರೆ ಎಂದುಕೊಂಡೆ. ದೊಡ್ಡವರು ಮರೆತುಬಿಡುತ್ತಾರೆ ಎಂದು ನಂಬುವುದು ನನ್ನಂಥ ಸಣ್ಣವರಿಗೆ ಬಹಳ ಅನುಕೂಲ.

ಕಳೆದ ವಾರ ಅವರು ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಯಲ್ಲಿ ಮುಖ್ಯಸ್ಥನಾಗಿ ನಾನು ನಾಲ್ಕು ಮಾತಾಡಬೇಕಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಸರ್ವರ್ ಕೂರಿಸಿದ್ದಾರೆ ಎಂದು ಲೆಕ್ಕ ಹೇಳಿದರೆ ಚಪ್ಪಾಳೆ ಬೀಳುತ್ತದೆ ಎಂದುಕೊಂಡು ಅವರ ಹಾಳೆಗಳನ್ನೆಲ್ಲ ತರಿಸಿ ತಿರುವಿಹಾಕತೊಡಗಿದೆ. ಈಚಿನ ಆರು ವರ್ಷದ ಹಾಳೆಗಳಿಗೆ ಬಂದಾಗ ಕೈ ನಿಂತಿತು. ಕುರ್ಚಿ ಬಂದ ಮೇಲೂ, ಜನ ಕಡಿಮೆ ಬಿದ್ದ ದಿನ, ನಾನು ಎಲ್ಲರ ಕೆಲಸಕ್ಕೂ ಎರಡನೇ ಸಹಿ ಹಾಕಿದ್ದೇನೆ. ನಿಧಾನಕ್ಕನ ಹಾಳೆಗಳಲ್ಲಿ ಕೆಳಗಿನ ಮಹಡಿಯ ಎಲೆಕ್ಟ್ರಿಷಿಯನ್ ಸಹಿಯಿತ್ತು, ಹೋದ ವರ್ಷ ಸೇರಿದ ಹುಡುಗಿಯದಿತ್ತು. ನಾನೊಬ್ಬನೇ ಇದ್ದ ದಿನಗಳಲ್ಲಿ, ಬೇರೆಯವರು ಬರುವವರೆಗೆ ಎರಡು ಗಂಟೆ ಕಾದೆ ಎಂದು ಹಾಳೆಯ ಅಂಚಿನಲ್ಲಿ ಹೊತ್ತು ಬರೆದಿತ್ತು. ನಾನೂರ ಹನ್ನೆರಡು ಹಾಳೆ. ಒಂದರಲ್ಲೂ ನನ್ನ ಸಹಿ ಇರಲಿಲ್ಲ.

ನನಗೆ ನಾಚಿಕೆಯಾಯಿತು. ಯಾರಾದರೂ ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಇಲ್ಲಿ ಬೈಗುಳವೇ ಇರಲಿಲ್ಲ.

ಕೊನೆಯ ದಿನ ಅವರ ಪಾಲಿಗಿದ್ದದ್ದು ನಾಲ್ಕೇ ನಾಲ್ಕು ಸರ್ವರ್. ಕೂರಿಸಿ ಮುಗಿಸಿ ಮಣಿಕಟ್ಟಿನ ಪಟ್ಟಿ ಬಿಚ್ಚುತ್ತಿದ್ದರು. ಕೆಳಗೆ ಕ್ಯಾಂಟೀನಿನಲ್ಲಿ ಎಲ್ಲರೂ ಅವರಿಗಾಗಿ ಕಾಯುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಅಕ್ಕ, ಇವತ್ತಿಂದು ನಾನು ನೋಡ್ಲಾ?"

ಅವರು ಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಹತ್ತಿರ ಬಂದರು.

"ಮೊದ್ಲು ಮೇಲೆ ಹೋಗಿ ಹೇಳಿ ಬಾ. ಆಮೇಲೆ ನೋಡು."

ದನಿಯಲ್ಲಿ ಸಿಟ್ಟಿರಲಿಲ್ಲ. ಏನು ಹೇಳಬೇಕು ಎಂದು ನಾನೂ ಕೇಳಲಿಲ್ಲ.

ಮೇಲೆ ಹೋದೆ. ಮ್ಯಾನೇಜರು ಆಗಿನವರೇ, ತಲೆ ಬೆಳ್ಳಗಾಗಿದೆ. ಹೇಳಲು ಮೂರು ನಿಮಿಷ ಸಾಕಾಯಿತು. ಅವರು ಒಂದು ಬಿಳಿ ಹಾಳೆ ಮುಂದೆ ತಳ್ಳಿ, ಇದನ್ನೆಲ್ಲ ಬರೆದುಕೊಡಿ, ಸೋಮವಾರದಿಂದ ನೀವು ಆ ಜಾಗದಲ್ಲಿ ಇರುವುದಿಲ್ಲ ಎಂದರು. ಬರೆದೆ. ಸಹಿ ಹಾಕಿಬಿಡಿ ಅಂದದ್ದು ನಾನೇ ಎಂಬ ಸಾಲನ್ನು ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿ, ಮೂರನೇ ಸಲ ಹಾಗೇ ಬಿಟ್ಟೆ.

ಕೆಳಗೆ ಬಂದಾಗ ಅವರ ಪಾಳಿ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಅವರು ಹಿಂಬದಿಯ ಸೆಕೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ನನ್ನ ಮುಖ ನೋಡಿದರು, ಎದ್ದು ಟಾರ್ಚು ಕೊಟ್ಟರು. ನಾಲ್ಕು ಸರ್ವರ್, ಎಂಟು ಕೇಬಲ್. ಒಂದೊಂದನ್ನೂ ಹಿಡಿದು, ತುದಿಯಿಂದ ತುದಿಗೆ ಹೋಗಿ, ಎಳೆದು ನೋಡಿದೆ. ಅವರು ಹಾಳೆಯನ್ನು ಮೊಣಕಾಲಿನ ಮೇಲಿಟ್ಟು ಹಿಡಿದುಕೊಂಡರು, ನಾನು ಬಗ್ಗಿ ಸಹಿ ಹಾಕಿದೆ.