ಕಪಾಟಿನಿಂದ ನೀಡಿದ ಖಾರದ ಪುಡಿ

ಪಕ್ಕದ ಮನೆಯವರು ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಚಿತ್ರದುರ್ಗದ ಆ ಮಟಮಟ ಮಧ್ಯಾಹ್ನ ಅದರ ಘಾಟು ಕಿಟಕಿಯಿಂದ ನುಗ್ಗಿ, ಲ್ಯಾಪ್‌ಟಾಪಿನ ಮುಂದೆ ಕುಳಿತ ನನ್ನನ್ನು ಕೆಮ್ಮಿಸುತ್ತಿತ್ತು. ಕಣ್ಣಲ್ಲಿ ನೀರು. ನಿಜ ಹೇಳಬೇಕೆಂದರೆ ಆ ನೀರಿಗೆ ಮೆಣಸಿನಕಾಯಿ ಒಂದೇ ಕಾರಣವಾಗಿರಲಿಲ್ಲ. ಬೆಳಿಗ್ಗೆಯಿಂದ ನನ್ನ ಪ್ರೋಗ್ರಾಮು ಕಂಟೇನರಿನೊಳಗೆ ಪಾಸಾಗದೆ ಕಾಡಿಸಿತ್ತು.

ಕಂಟೇನರ್ ಎಂದ ಕೂಡಲೇ ಗಾಬರಿಯಾಗಬೇಡಿ. ಪ್ರೋಗ್ರಾಮಿಗೆ ಬೇಕಾದ ಸಾಮಾನನ್ನೆಲ್ಲ ತುಂಬಿ ಕಟ್ಟಿದ ಗಂಟು ಅಂದುಕೊಳ್ಳಿ. ಯಾವ ಊರಿನ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಅದು ಒಂದೇ ರೀತಿ ನಡೆಯಬೇಕು. ಕೋಡ್ ಬರೆಯುವ ಜಾಗದಲ್ಲೇ ಗುಂಡಿ ಒತ್ತಿದರೆ ಗಂಟು ಕಟ್ಟಿಕೊಳ್ಳುತ್ತದೆ, ಪರೀಕ್ಷೆಯೂ ಅದರೊಳಗೇ ನಡೆಯುತ್ತದೆ. ಹೇಳುವುದಕ್ಕೇನೋ ಸುಲಭ. ಒಂದು ಸಾಲು ತಿದ್ದಿದರೆ ಮತ್ತೆ ಮೊದಲಿನಿಂದ ಕಟ್ಟಲು ಕೂರುತ್ತದೆ, ನನ್ನ ಮೊಬೈಲಿನ ಇಂಟರ್ನೆಟ್ಟನ್ನೆಲ್ಲ ನುಂಗುತ್ತದೆ. ಕಾಯುವಾಗ ಕುಡಿದ ಕಾಫಿಗೆ ನಾಲಿಗೆ ಜಡ್ಡುಗಟ್ಟಿತ್ತು.

ಹಿರಿಯೂರಿನ ಕಡೆಯ ಒಂದು ಹಳ್ಳಿಯ ಡೇರಿಗೆ, ಹಾಲು ಅಳೆದದ್ದನ್ನು ದಾಖಲಿಸುವ ಪ್ರೋಗ್ರಾಮು ಇದು. ಮರುದಿನ ಬೆಳಿಗ್ಗೆ ಶುರುವಾಗಬೇಕಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಯ ಫಲ ಹಸಿರು, ಅಂದರೆ ಪಾಸು; ಕಂಟೇನರಿನಲ್ಲಿ ಕೆಂಪು, ಅಂದರೆ ಫೇಲು. ತಲೆ ಕೆರೆದುಕೊಂಡು ಹುಡುಕಿದಾಗ ಗೊತ್ತಾಯಿತು: ಕಂಟೇನರಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿದೆ. ಬೆಳಗಿನ ಐದೂವರೆಯೊಳಗೆ ಅಲ್ಲಿ ತಾರೀಖೇ ಬದಲಾಗಿರುವುದಿಲ್ಲ; ಕತ್ತಲಿರುವಾಗಲೇ ಬಂದವರ ಹಾಲನ್ನು ಅದು ನಿನ್ನೆಯ ಹಾಲೆಂದು ತಿಳಿದು, 'ಇವರು ಆಗಲೇ ಹಾಕಿದ್ದಾರೆ' ಎಂದು ವಾಪಸು ಕಳಿಸುತ್ತದೆ.

"ಎಲ್ಲರಿಗಿಂತ ಮೊದ್ಲು ಲಕ್ಷ್ಮಕ್ಕ ಬರ್ತಾಳೆ ಸಾರ್," ಎಂದು ಡೇರಿಯ ಸೆಕ್ರೆಟರಿ ಫೋನಿನಲ್ಲಿ ಹೇಳಿದ್ದರು. "ಹಾಲು ಹಾಕಿ ಕುರಿ ಹೊಡ್ಕಂಡು ಹೋಗ್ಬೇಕು ಆಯಮ್ಮ. ವಾಪಸ್ ಕಳ್ಸಿದ್ರೆ ಅವತ್ತಿನ ಹಾಲು ಹೋದಂಗೇನೆ."

ನನಗೆ ರೋಸಿಹೋಗಿತ್ತು. ಕೊನೆಗೊಂದು ಉಪಾಯ ಮಾಡಿದೆ. ನನ್ನ ಲ್ಯಾಪ್‌ಟಾಪಿನ ಸಮಯದ ಫೈಲನ್ನೇ, ಗಂಟಿನೊಳಗೆ ಸೇರಿಸದೆ, ಹೊರಗಿನಿಂದ ಕಂಟೇನರಿಗೆ ತೋರಿಸಿದೆ. ಪರೀಕ್ಷೆ ಥಟ್ಟನೆ ಹಸಿರಾಯಿತು. ಇನ್ನೇನು ಡೇರಿಗೆ ಕಳಿಸಬೇಕು, ಅಷ್ಟರಲ್ಲಿ ಈ ಘಾಟು ಬಂತು. ಅದರ ಹಿಂದೆಯೇ ಬಾಗೂರಿನ ನಮ್ಮ ದೊಡ್ಡಮ್ಮ ನೆನಪಾದಳು.

ನೆಂಟರ ಮನೆಯ ಮದುವೆ, ನಾಮಕರಣ ಯಾವುದಿದ್ದರೂ ಹೋಳಿಗೆ ಸಾರು ಮಾಡುವವಳು ದೊಡ್ಡಮ್ಮನೇ. ಆದರೆ ಇನ್ನೊಬ್ಬರ ಮನೆಯ ಸಾಮಾನು ಮುಟ್ಟುವವಳಲ್ಲ. ತನ್ನ ಪಾತ್ರೆ, ತನ್ನ ಹುಣಸೆಹಣ್ಣು, ತನ್ನ ಸೌಟು, ಕೊನೆಗೆ ಕ್ಯಾನಿನಲ್ಲಿ ತನ್ನೂರಿನ ನೀರು. ಹೊಸದುರ್ಗದ ಬಸ್ಸಿಗೆ ಅದನ್ನೆಲ್ಲ ಹತ್ತಿಸುತ್ತಾ ಬೆವರುತ್ತಿದ್ದವನು ನಾನು.

"ಏನಮ್ಮ, ಮನೇನೇ ಕಿತ್ಕಂಡು ಬಂದೀಯಲ್ಲ," ಎಂದು ಕಂಡಕ್ಟರ್ ಸಿಡುಕಿದರೆ, "ನೀನು ನಿನ್ ಬಸ್ಸು ತಂದಿಲ್ವೇನಪ್ಪ, ಹಂಗೇ," ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿತ್ತು. ಗಂಟು ಕಟ್ಟಿದ ಮೇಲೆ ಅದನ್ನು ಬಿಚ್ಚಿ, ಅದರೊಳಗಿನ ಸಾಮಾನಿನಿಂದಲೇ ಒಂದು ಚಿಕ್ಕ ಪಾತ್ರೆ ಸಾರು ಕಾಯಿಸಿ ನೋಡುತ್ತಿದ್ದಳು. ಆಗ ಕಪಾಟಿನಿಂದ ಯಾರೂ ಏನನ್ನೂ ಕೊಡುವಂತಿಲ್ಲ. ನಾವು ಹೊಸ ಬಟ್ಟೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದೆವು. ಒಳಗೆ ಸಾರು ಕುದಿಯುತ್ತಿತ್ತು. ಬಸ್ಸು ತಪ್ಪಿದರೆ ಅವಳಿಗೇನೂ ಬೇಸರವಿಲ್ಲ. ನಮಗೆ ಮಾತ್ರ ಮೈಯೆಲ್ಲ ಉರಿ.

ಯಲ್ಲದಕೆರೆಯಲ್ಲಿ ಅವಳ ತಮ್ಮನ ಮಗಳ ಮದುವೆ. ಅಕ್ಕನ ಸಾರು ಉಂಡು ನೋಡಿ ಎಂದು ಆ ತಮ್ಮ ಬೀಗರ ಮುಂದೆಲ್ಲ ಹೇಳಿಕೊಂಡಿದ್ದ. ಹೊರಡುವ ದಿನ ಸಾರು ಕಾಯಿಸುವಾಗ ದೊಡ್ಡಮ್ಮ ಗಂಟಿನಲ್ಲಿ ಖಾರದ ಪುಡಿಗೆ ತಡಕಾಡುತ್ತಿದ್ದಳು. ಬಸ್ಸಿನ ಹಾರನ್ ಕೇಳಿದ ದೊಡ್ಡಪ್ಪ, ತಾಳ್ಮೆಗೆಟ್ಟು, ಕಪಾಟಿನ ಡಬ್ಬಿಯಿಂದ ಒಂದು ಚಮಚ ಪುಡಿಯನ್ನು ತಾನೇ ಸಾರಿಗೆ ಸುರಿದ. "ಸಾಕು ಮಾರಾಯ್ತಿ, ಹೋಗಾಣ ನಡಿ." ಸಾರು ಚೆನ್ನಾಗಿಯೇ ಆಗಿತ್ತು. ಆ ಗಡಿಬಿಡಿಯಲ್ಲಿ ಡಬ್ಬಿ ಕಪಾಟಿನಲ್ಲೇ ಉಳಿಯಿತು.

ಯಲ್ಲದಕೆರೆಯಲ್ಲಿ ಬೇರೆ ದಾರಿಯಿಲ್ಲದೆ ಅವರ ಮನೆಯ ಪುಡಿಯನ್ನೇ ತನ್ನ ಅಳತೆಯಲ್ಲಿ ಹಾಕಿದಳು. ಅದು ಬೆಂಕಿ. ಬೀಗರು ಮೂಗು ಒರೆಸಿಕೊಳ್ಳುತ್ತಾ ಮಜ್ಜಿಗೆ ಕೇಳಿದರು. ತಮ್ಮ ಅವಳ ಮುಖ ನೋಡದೆ ಬಡಿಸಿದ. ದೊಡ್ಡಮ್ಮ ಅವತ್ತು ಊಟ ಮಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪನಿಗೆ ಒಂದೇ ಮಾತು ಹೇಳಿದಳು:

"ಗಂಟಲ್ಲಿ ಏನಿಲ್ಲ ಅಂತ ಗೊತ್ತಾಗ್ಲಿ ಅಂತ್ಲೇ ಅಲ್ವೇನ್ರಿ ನಾನು ಮಾಡಿ ನೋಡೋದು."

ನನ್ನ ಲ್ಯಾಪ್‌ಟಾಪಿನಲ್ಲಿ ಹಸಿರು ಇನ್ನೂ ಹೊಳೆಯುತ್ತಿತ್ತು. ಅದು ನಾನು ಕಪಾಟಿನಿಂದ ಕೊಟ್ಟ ಪುಡಿ. ಡೇರಿಯ ಕಂಪ್ಯೂಟರಿನ ಪಕ್ಕದಲ್ಲಿ ನಿಂತು ಕೊಡಲು ನಾನಿರುವುದಿಲ್ಲ. ಬೈದುಕೊಳ್ಳುತ್ತಲೇ ಆ ಫೈಲನ್ನು ತೋರಿಸುವ ಸಾಲನ್ನು ಅಳಿಸಿದೆ. ಮತ್ತೆ ಕೆಂಪು. ನಮ್ಮ ಸಮಯದ ಲೆಕ್ಕವನ್ನು ಕಂಟೇನರಿನೊಳಗೇ ಸೇರಿಸಿ, ಮೊದಲಿನಿಂದ ಕಟ್ಟಲು ಬಿಟ್ಟು, ಹಲ್ಲು ಕಡಿಯುತ್ತಾ ಮತ್ತೊಂದು ಕಾಫಿ ಕುಡಿದೆ. ಸಂಜೆಯ ಹೊತ್ತಿಗೆ ಹೊರಗಿನಿಂದ ಏನೂ ಕೊಡದೆ ಹಸಿರಾಯಿತು.

ಮಾರನೆಯ ಬೆಳಿಗ್ಗೆ ಸೆಕ್ರೆಟರಿಗೆ ನಾನೇ ಫೋನ್ ಮಾಡಿದೆ. "ಲಕ್ಷ್ಮಕ್ಕ ಬಂದಿದ್ರಾ?"

"ಅವಾಗ್ಲೇ ಹಾಕಿ ಹೋದ್ಲು ಸಾರ್. ಯಾಕೆ, ಏನಾರ ತೊಂದ್ರೆ ಐತಾ?"

"ಏನೂ ಇಲ್ಲ," ಎಂದೆ.