ಪೇಟಿಯ ದನಿ ಹುಡುಕಿದ್ದು

ಬಿಬವೇವಾಡಿಯ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಂಥಸೈಜರ್ ಕೊಂಡಾಗ ಅಂಗಡಿಯವರು ಮರಾಠಿಯಲ್ಲಿ, "ಸಗಳೇ ಇಫೆಕ್ಟ್ ಆತಚ್ ಆಹೇತ, ತಾಈ," ಎಂದರು. ದನಿ ಬದಲಿಸುವ ಎಲ್ಲ ಇಫೆಕ್ಟುಗಳೂ ಒಳಗೇ ಇವೆ ಎಂದು. ಒಳಗೆ ಎಲ್ಲಿ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಮೈಸೂರಿನವಳು. ಕೆಲಸಕ್ಕೆಂದು ಈ ಮರಾಠಿ ಊರಿಗೆ ಬಂದವಳು; ಕೊಂಢವಾದಲ್ಲಿ ಬಾಡಿಗೆ ಮನೆ, ಹಗಲೆಲ್ಲ ಲ್ಯಾಪ್‌ಟಾಪ್ ಕೆಲಸ. ನಮ್ಮ ಕಟ್ಟಡದ ವಾಚ್‌ಮನ್ನರ ಹೆಂಡತಿ ಯಾದಗಿರಿ ಕಡೆಯವರು; ನಾನು ಅಕ್ಕ ಎನ್ನುತ್ತಿದ್ದೆ. ಪಕ್ಕದಲ್ಲಿ ಕಟ್ಟಡ ಕೆಲಸಕ್ಕೆ ಬಂದಿದ್ದ ಹೆಂಗಸರನ್ನು ಸೇರಿಸಿಕೊಂಡು ಸೋಮವಾರ ಸಂಜೆ ಭಜನೆ ಮಾಡುತ್ತಿದ್ದರು. ಅವರಿಗೆ ಹಾರ್ಮೋನಿಯಂ, ಅವರ ಮಾತಲ್ಲಿ ಪೇಟಿ, ಬಾರಿಸುತ್ತಿದ್ದ ಅಜ್ಜ ಭೋರ್‌ನಲ್ಲಿದ್ದ ಮಗಳ ಮನೆಗೆ ಹೋಗುವಾಗ ಅದನ್ನೂ ಒಯ್ದಿದ್ದರು. ಒಂದು ದಿನ ಅಕ್ಕ ಬಾಗಿಲಲ್ಲಿ ನಿಂತು, "ತಂಗಿ, ನಿನ್ನ ಮಷಿನ್ನಾಗ ಪೇಟಿ ದನಿ ಬರ್ತದೇನು?" ಎಂದರು.

"ಟ್ರೈ ಮಾಡೋಣ ಅಕ್ಕ," ಎಂದೆ.

ಕೋರಸ್ ಎಂಬ ಇಫೆಕ್ಟ್ ಒತ್ತಿದಾಗ ಒಂದೇ ಸ್ವರ ಎರಡು ಪೇಟಿಗಳಿಂದ ಒಟ್ಟಿಗೆ ಬಂದಂತೆ ನಡುಗಿತು. ಅಕ್ಕನ ಮುಖ ಅರಳಿತು. ಆಸೆ ಹೆಚ್ಚಾಗಿ, ದನಿ ಅನುರಣಿಸುವ ರಿವರ್ಬ್ ಸೇರಿಸಿದೆ.

"ಏ, ಇದು ಬಾವ್ಯಾಗ ಕುಂತು ಬಾರಿಸಿದಂಗ ಅದ," ಎಂದು ನಕ್ಕರು.

ರಿವರ್ಬ್ ತಗ್ಗಿಸಲು, ಅದನ್ನು ಏರಿಸಿದ ಗುಂಡಿಯನ್ನೇ ತಿರುಗಿಸಿದರೆ ತಗ್ಗಿದ್ದು ಕೋರಸ್. ಒಂದೇ ಗುಂಡಿ ಒಮ್ಮೆ ಒಂದನ್ನು, ಇನ್ನೊಮ್ಮೆ ಮತ್ತೊಂದನ್ನು ಬದಲಿಸುವುದೇಕೆಂದು ತಿಳಿಯಲಿಲ್ಲ. ದಿನಾ ಕೋಡ್ ಬರೆಯುವವಳಿಗೆ ನಾಲ್ಕು ಗುಂಡಿ ಅರ್ಥವಾಗದ್ದಕ್ಕೆ ನಾಚಿಕೆಯಾಯಿತು. ಹೇಗೋ ಪೇಟಿಯಂಥ ಒಂದು ದನಿ ಕೂಡಿಬಂತು. "ಇದಾ ನೋಡು!" ಎಂದು ಅಕ್ಕ ಸಮಾಧಾನದಿಂದ ಎದ್ದು ಹೋದರು.

ಸೋಮವಾರ ಭಜನೆಗೆ ಕೂತು ಸ್ವಿಚ್ ಹಾಕಿದರೆ ಆ ದನಿ ಇಲ್ಲ. ಸೇವ್ ಮಾಡಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಗಾಬರಿಯಲ್ಲಿ ಏನೇನೋ ಒತ್ತಿದೆ. ಅಷ್ಟರಲ್ಲಿ ಅಕ್ಕ ಹಾಡಲು ತೊಡಗಿದರು. ನಾನು ಸ್ವರ ಹಿಡಿದೆ. ಬೆರಳು ತೆಗೆದ ಮೇಲೂ ಅದೇ ಸ್ವರ ಮತ್ತೆ ಕೇಳಿತು, ಆಮೇಲೆ ಇನ್ನಷ್ಟು ಮೆತ್ತಗೆ ಮತ್ತೊಮ್ಮೆ. ಮರುದನಿ ಕೊಡುವ ಡಿಲೇ ಆನ್ ಆಗಿತ್ತು. ಆಫ್ ಮಾಡುವುದು ಹೇಗೆಂದು ಹೊಳೆಯಲಿಲ್ಲ.

ಅಕ್ಕ ಹಾಡು ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ಪ್ರತಿ ಸಾಲು ಮುಗಿದಾಗಲೂ ಮರುದನಿ ತೀರುವವರೆಗೆ ಕಾದು ಮುಂದಿನದನ್ನು ಎತ್ತಿಕೊಂಡರು. ತಾಳ ಹಾಕುತ್ತಿದ್ದವರು ಎಡವಿದರು, ಇಬ್ಬರು ಕಿಸಕ್ಕನೆ ನಕ್ಕರು, ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಕ್ಕವರನ್ನು ನಂಬಬೇಕೋ ಕಣ್ಣೊರೆಸಿಕೊಂಡವರನ್ನೋ ತಿಳಿಯಲಿಲ್ಲ.

ಮುಗಿದ ಮೇಲೆ, "ಸಾರಿ ಅಕ್ಕ, ಎಲ್ಲಾ ಹಾಳು ಮಾಡ್ಬಿಟ್ಟೆ," ಎಂದೆ.

"ಹಾಳೆಲ್ಲಿ ಆತು? ಅಜ್ಜಾರು ಬಂದು ಹಿಂದ ಕುಂತು ಬಾರಿಸ್ಲಿಕತ್ತಾರಂತ ತಿಳದೆ. ಮುಂದಿನ ವಾರನೂ ಹಂಗಾ ಇರ್ಲಿ."

ಆ ವಾರವೆಲ್ಲ ಹುಡುಕಿದೆ. ಮರುದನಿ ಬೇಕಾದಷ್ಟು ಬಂತು. ಬೇಗ ಬಂತು, ತಡವಾಗಿ ಬಂತು, ಕರ್ಕಶವಾಗಿ ಬಂತು. ಅವತ್ತಿನದು ಮಾತ್ರ ಸಿಗಲಿಲ್ಲ.

ಮುಂದಿನ ಸೋಮವಾರ ಎಲ್ಲ ಇಫೆಕ್ಟುಗಳನ್ನೂ ಆಫ್ ಮಾಡಿ ಕೂತೆ. ಅಕ್ಕ ಮೊದಲ ಸಾಲು ಹಾಡಿ ಮರುದನಿಗೆ ಕಾದರು. ನನಗೆ ಬೇರೆ ದಾರಿ ತೋಚಲಿಲ್ಲ. ಅದೇ ಸ್ವರವನ್ನು ನಾನೇ ಮತ್ತೆ ಮೆಲ್ಲಗೆ ಒತ್ತಿದೆ, ಇನ್ನೂ ಮೆಲ್ಲಗೆ ಇನ್ನೊಮ್ಮೆ. ಅವರು ನನ್ನ ಬೆರಳು ನೋಡಿ ಮುಂದಿನ ಸಾಲಿಗೆ ಹೋದರು.

"ಹೋದ ವಾರದ್ದು ಬ್ಯಾರೆ ಇತ್ತಲ್ಲ?" ಚಾಪೆ ಸುತ್ತುತ್ತಾ ಕೇಳಿದರು.

"ಹೌದು ಅಕ್ಕ. ಯಾವುದು ಚೆನ್ನಾಗಿತ್ತು?"

"ಇರ್ಲಿ ಬಿಡು," ಎಂದು ಹೊರಟರು. ಎರಡೂ ಸರಿಯೆಂದೋ, ಹೋದ ವಾರದ್ದೇ ಚೆನ್ನಾಗಿತ್ತೆಂದೋ, ನನಗೆ ಇಂದಿಗೂ ಗೊತ್ತಾಗಿಲ್ಲ.